ಲೋದಿ ಕಾಲೊನಿಯಿಂದ ರಾಮನಗರದವರೆಗೆ: ಒಂದು ಮಣಿಸರದ ಇತಿಹಾಸ

ದಿಲ್ಲಿಯ ಕನ್ನಡಿಗರಿಗೆ ಲೋದಿ ಕಾಲೊನಿಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ನಮ್ಮ ಕನ್ನಡ ಶಾಲೆ ಇರುವುದು ಅದರ ಮಗ್ಗುಲಲ್ಲೇ, ಲೋದಿ ಎಸ್ಟೇಟಿನಲ್ಲಿ. 1940ರ ದಶಕದಲ್ಲಿ, ಬ್ರಿಟಿಷರ ಆಳ್ವಿಕೆಯ ಕೊನೆಗಾಲದಲ್ಲಿ, ಸರಕಾರಿ ನೌಕರರಿಗಾಗಿ ಎದ್ದ ಬಡಾವಣೆ ಅದು. ಕಮಾನಿನ ಬಾಗಿಲುಗಳು, ಎತ್ತರದ ಗೋಡೆಗಳು, ಒಳಗೆ ಸಾಲು ಸಾಲು ಮನೆಗಳು. ಈಗ ಆ ಗೋಡೆಗಳ ಮೇಲೆ ದೊಡ್ಡ ದೊಡ್ಡ ಬಣ್ಣದ ಚಿತ್ರಗಳಿವೆ. ಭಾನುವಾರ ಬಂತೆಂದರೆ ಹುಡುಗ ಹುಡುಗಿಯರು ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ರಾಮನಗರವೂ ನಮಗೆ ಗೊತ್ತಿರುವ ಊರೇ. ಬೆಂಗಳೂರಿನಿಂದ ಮೈಸೂರಿನ ದಾರಿಯಲ್ಲಿ ಸುಮಾರು 50 ಕಿಲೋಮೀಟರು. ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎನಿಸಿಕೊಂಡು, ಆಮೇಲೆ ರಾಮನಗರಂ ಆಗಿ, ಈಗ ರಾಮನಗರವಾಗಿದೆ. ರೇಷ್ಮೆಗೂಡಿನ ಮಾರುಕಟ್ಟೆಗೂ ಬಂಡೆಗಳ ಬೆಟ್ಟಕ್ಕೂ ಅದು ಹೆಸರಾದದ್ದು. 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದಿಂದಾಗಿ ಉತ್ತರದವರಿಗೂ ಆ ಬಂಡೆಗಳ ಪರಿಚಯವಿದೆ.

ದಿಲ್ಲಿಯ ಗುಮಾಸ್ತರ ಕಾಲೊನಿಗೂ ಕನ್ನಡನಾಡಿನ ಈ ಪೇಟೆಗೂ ಏನು ನಂಟು ಎಂದು ವಾಚಕರು ಕೇಳಬಹುದು. 1952ರಲ್ಲಿ, ಸ್ವತಂತ್ರ ಭಾರತದ ಸರಕಾರ ತನ್ನ ಪ್ರಜೆಗಳಿಗೆ ಗರ್ಭಧಾರಣೆಯ ವಿಷಯವನ್ನು ಕಲಿಸಲು ಹೊರಟಾಗ, ಮೊದಲ ಪಾಠಕ್ಕೆ ಆರಿಸಿಕೊಂಡ ಸ್ಥಳಗಳು ಇವೇ. ಈ ಸಂಗತಿ ಇಂದು ಎರಡು ಊರುಗಳಲ್ಲಿಯೂ ಬಹುಮಟ್ಟಿಗೆ ಮರೆತುಹೋಗಿದೆ. ಆದರೆ ಅಲ್ಲಿ ನಡೆದದ್ದನ್ನೂ ಅದರ ಮುಂದೆ ನಡೆದದ್ದನ್ನೂ ಜೋಡಿಸಿ ನೋಡಿದರೆ, ಜನರಿಗೆ ತಿಳಿವಳಿಕೆ ಕೊಡುವುದೆಂದರೇನು ಎಂಬ ವಿಷಯದಲ್ಲಿ ಕಲಿಯಬೇಕಾದ್ದು ಬಹಳ ಇದೆ. ಆದ್ದರಿಂದ ಈ ಬರೆಹ.

ಮೈಸೂರಿನ ಮುನ್ನಡೆ

ಈ ವಿಷಯದಲ್ಲಿ ಕನ್ನಡನಾಡು ಹಿಂದುಳಿದಿರಲಿಲ್ಲ. 1930ರಲ್ಲಿಯೇ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಮೈಸೂರು ಸರಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ಕುಗಳನ್ನು ತೆರೆಯಿತು. ಒಂದು ಸರಕಾರವೇ ಮುಂದಾಗಿ ಇಂಥ ಕೆಲಸಕ್ಕೆ ಕೈಹಾಕಿದ್ದು ಪ್ರಪಂಚದಲ್ಲಿ ಅದೇ ಮೊದಲೆಂದು ಈ ವಿಷಯದ ಇತಿಹಾಸಗಳು ಸಾಮಾನ್ಯವಾಗಿ ಹೇಳುತ್ತವೆ. ಅದಕ್ಕೆ ಮುಂಚೆ, 1921ರಲ್ಲಿ, ಮುಂಬಯಿಯಲ್ಲಿ ರಘುನಾಥ ಧೋಂಡೊ ಕರ್ವೆಯವರು ಒಂಟಿಯಾಗಿ ಒಂದು ಕ್ಲಿನಿಕ್ ನಡೆಸಲು ತೊಡಗಿದ್ದರು. ಅದರ ಫಲವಾಗಿ ಕಾಲೇಜಿನ ಗಣಿತದ ಅಧ್ಯಾಪಕ ಹುದ್ದೆಯನ್ನು ಬಿಡಬೇಕಾಯಿತು. 1927ರಿಂದ ಅವರು ನಡೆಸಿದ ‘ಸಮಾಜ ಸ್ವಾಸ್ಥ್ಯ’ ಎಂಬ ಮರಾಠಿ ಮಾಸಿಕದ ಮೇಲೆ ಅಶ್ಲೀಲತೆಯ ಮೊಕದ್ದಮೆಗಳು ಬಂದವು. ಒಂದು ಮೊಕದ್ದಮೆಯಲ್ಲಿ ಅವರ ಪರವಾಗಿ ವಾದಿಸಿದವರು ಡಾ. ಅಂಬೇಡ್ಕರರು. 1932ರಲ್ಲಿ ಲಖನೌದಲ್ಲಿ ಸೇರಿದ ಅಖಿಲ ಭಾರತ ಮಹಿಳಾ ಸಮ್ಮೇಳನವೂ ಇಂತಹ ತಿಳಿವಳಿಕೆ ಹೆಂಗಸರಿಗೆ ದೊರೆಯಬೇಕೆಂದು ನಿರ್ಣಯ ಮಾಡಿತು.

ಮಹಾತ್ಮಾ ಗಾಂಧಿಯವರ ಅಭಿಪ್ರಾಯ ಬೇರೆಯಿತ್ತು. 1935ರ ಡಿಸೆಂಬರಿನಲ್ಲಿ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೆ ಬಂದು ಅವರೊಡನೆ ಚರ್ಚಿಸಿದರು. ಸಂತಾನ ಮಿತಿ ಬೇಕೆಂಬುದನ್ನು ಗಾಂಧೀಜಿ ಒಪ್ಪಿದರು. ಆದರೆ ಅದಕ್ಕೆ ದಾರಿ ಸಂಯಮ ಒಂದೇ, ಸಾಧನಗಳು ಕೂಡದು ಎಂದರು. ತಿಂಗಳ ಕೆಲವು ದಿನಗಳಲ್ಲಿ ಮಾತ್ರ ದೂರವಿರುವ ವಿಧಾನವಾದರೆ ಅದರಲ್ಲಿಯೂ ಒಂದಷ್ಟು ಸಂಯಮ ಉಂಟೆಂದು ಅದರ ಬಗ್ಗೆ ಮಾತ್ರ ತುಸು ಮೆತ್ತಗಾದರು.

ಈ ಮಾತು ಮುಂದೆ ಮಹತ್ವದ್ದಾಯಿತು. ಏಕೆಂದರೆ ಗಾಂಧೀಜಿಯವರ ಬಳಿ ವರ್ಷಾನುಗಟ್ಟಲೆ ಕಾರ್ಯದರ್ಶಿಯಾಗಿದ್ದ ರಾಜಕುಮಾರಿ ಅಮೃತ್ ಕೌರ್ ಸ್ವತಂತ್ರ ಭಾರತದ ಮೊದಲ ಆರೋಗ್ಯ ಸಚಿವೆಯಾದರು. ಒಂದನೆಯ ಪಂಚವಾರ್ಷಿಕ ಯೋಜನೆಯಲ್ಲಿ ಕುಟುಂಬ ಯೋಜನೆಗೆ 65 ಲಕ್ಷ ರೂಪಾಯಿ ಇಟ್ಟರು. ಸಚಿವೆಯ ಮನಸ್ಸು ಗಾಂಧೀಜಿಯವರ ದಾರಿಯಲ್ಲಿತ್ತು. ಆದ್ದರಿಂದ ಸಾಧನಗಳ ಬದಲು ದಿನ ಎಣಿಸುವ ವಿಧಾನವನ್ನೇ ಮೊದಲು ಪ್ರಯೋಗಿಸುವುದೆಂದು ನಿಶ್ಚಯವಾಯಿತು. ಸರಕಾರ ವಿಶ್ವ ಆರೋಗ್ಯ ಸಂಸ್ಥೆಯ ನೆರವು ಕೇಳಿತು. ಸಂಸ್ಥೆ 1951ರ ಕೊನೆಯಲ್ಲಿ ನ್ಯೂಯಾರ್ಕಿನ ವೈದ್ಯ ಡಾ. ಅಬ್ರಹಾಂ ಸ್ಟೋನ್ ಅವರನ್ನು ಕಳಿಸಿತು. ಪ್ರಯೋಗಕ್ಕೆ ಎರಡು ಬಗೆಯ ಜನ ಬೇಕಿತ್ತು. ಓದು ಬಲ್ಲ ಪಟ್ಟಣದವರು ಸಿಕ್ಕಿದ್ದು ಲೋದಿ ಕಾಲೊನಿಯಲ್ಲಿ, ಸಣ್ಣ ಊರಿನ ಮತ್ತು ಹಳ್ಳಿಯ ಜನ ಸಿಕ್ಕಿದ್ದು ರಾಮನಗರದಲ್ಲಿ.

ಎಣಿಕೆಯ ಹಿಂದಿನ ವಿಜ್ಞಾನ

ದಿನ ಎಣಿಸುವ ವಿಧಾನ ಮೂಢನಂಬಿಕೆಯೇನಲ್ಲ. 1920ರ ದಶಕದಲ್ಲಿ ಜಪಾನಿನ ಒಗಿನೊ, ಆಸ್ಟ್ರಿಯಾದ ಕ್ನಾಸ್ ಎಂಬ ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಕಂಡುಕೊಂಡ ಸತ್ಯ ಅದರ ಬುನಾದಿ. ಹೆಣ್ಣಿನ ಅಂಡಾಶಯದಿಂದ ತಿಂಗಳಿಗೊಮ್ಮೆ ಅಂಡವೊಂದು ಹೊರಬೀಳುತ್ತದೆ. ಅದು ಬೀಳುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಅಂಡದ ಆಯುಸ್ಸು ಒಂದು ದಿನದಷ್ಟು. ಗಂಡಿನ ವೀರ್ಯಾಣು ಹೆಣ್ಣಿನ ದೇಹದಲ್ಲಿ ಐದು ದಿನದವರೆಗೆ ಬದುಕಿರಬಲ್ಲದು. ಆದ್ದರಿಂದ ಗರ್ಭ ನಿಲ್ಲುವ ಸಂಭವ ತಿಂಗಳ ಕೆಲವೇ ದಿನಗಳಲ್ಲಿ.

ತೊಡಕು ಇರುವುದು ಇಲ್ಲಿ: ಎಣಿಸಬೇಕಾದದ್ದು ಮುಂದಿನ ಮುಟ್ಟಿನಿಂದ ಹಿಂದಕ್ಕೆ, ಆದರೆ ಮುಂದಿನ ಮುಟ್ಟು ಇನ್ನೂ ಬಂದಿರುವುದಿಲ್ಲ! ಆದ್ದರಿಂದ ಹಲವು ತಿಂಗಳ ಲೆಕ್ಕ ಬರೆದಿಟ್ಟು ಅಂದಾಜು ಮಾಡಬೇಕು. ಎಲ್ಲಕ್ಕಿಂತ ಚಿಕ್ಕ ತಿಂಗಳಿನಿಂದ 18 ಕಳೆಯಬೇಕು, ಎಲ್ಲಕ್ಕಿಂತ ದೊಡ್ಡ ತಿಂಗಳಿನಿಂದ 11 ಕಳೆಯಬೇಕು. ಒಬ್ಬಾಕೆಗೆ ಚಿಕ್ಕ ತಿಂಗಳು 26 ದಿನದ್ದು, ದೊಡ್ಡದು 31 ದಿನದ್ದು ಎಂದಿಟ್ಟುಕೊಂಡರೆ, 8ನೆಯ ದಿನದಿಂದ 20ನೆಯ ದಿನದವರೆಗೆ ಎಚ್ಚರಿಕೆ ಬೇಕು. ತಿಂಗಳು ಏರುಪೇರಾಗುವವರಿಗೆ ಈ ಲೆಕ್ಕ ಒಗ್ಗದು. ಮಗುವಿಗೆ ಹಾಲೂಡಿಸುತ್ತಾ ಇನ್ನೂ ಮುಟ್ಟು ತಿರುಗಿ ಬಾರದವರಿಗೆ ಲೆಕ್ಕ ಶುರುಮಾಡಲು ಬುಡವೇ ಇಲ್ಲ. ಆಗಿನ ಕಾಲದ ಹೆಂಗಸರಲ್ಲಿ ಬಹುಮಂದಿ ಒಂದೋ ಬಸಿರಿ, ಇಲ್ಲವೇ ಬಾಣಂತಿ, ಇಲ್ಲವೇ ಹಾಲೂಡಿಸುವ ತಾಯಿ. ಸರಾಸರಿ ಒಬ್ಬೊಬ್ಬಳಿಗೆ ಆರು ಹೆರಿಗೆಯ ಕಾಲ ಅದು.

ಇನ್ನೂ ಒಂದು ತೊಡಕಿತ್ತು. ಕಲಿಸುವವರು ಬರೆದದ್ದು ಖಾಲಿ ಹಲಗೆಯ ಮೇಲಲ್ಲ. ಮುಟ್ಟಿನ ಮೊದಲ ದಿನದಿಂದ 16 ರಾತ್ರಿಗಳು ಋತುಕಾಲವೆಂದು ಧರ್ಮಶಾಸ್ತ್ರ ಹೇಳಿದೆ. ಸ್ನಾನವಾದ ಕೂಡಲೇ ಬರುವ ದಿನಗಳೇ ಗರ್ಭಕ್ಕೆ ಪ್ರಶಸ್ತ, ತಿಂಗಳ ನಡುವೆ ಭಯವಿಲ್ಲ ಎಂಬ ನಂಬಿಕೆ ದೇಶದಲ್ಲೆಲ್ಲ ಹರಡಿತ್ತು, ಇಂದಿಗೂ ಅಳಿದಿಲ್ಲ. ಮನೆಯಲ್ಲಿ ಹೆಂಗಸು ದೂರ ಕೂರುವ ಪದ್ಧತಿ ಇದ್ದುದರಿಂದ ಮುಟ್ಟಿನ ದಿನ ಅತ್ತೆಗೂ ನೆರೆಮನೆಗೂ ಗೊತ್ತು. ಆದರೆ ಆ ದಿನಕ್ಕೂ ಗರ್ಭ ನಿಲ್ಲುವ ದಿನಕ್ಕೂ ಇರುವ ನಿಜವಾದ ಸಂಬಂಧ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಮಣಿಸರ ಬಂತು

1951ರ ಜನಗಣತಿಯಂತೆ ಭಾರತದಲ್ಲಿ ಓದು ಬರೆಹ ಬಲ್ಲ ಹೆಂಗಸರು ನೂರಕ್ಕೆ ಒಂಬತ್ತು. ಕ್ಯಾಲೆಂಡರಿನ ಮೇಲೆ ಗುರುತು ಹಾಕಿರೆಂದರೆ ಉಳಿದ ತೊಂಬತ್ತೊಂದು ಮಂದಿ ಏನು ಮಾಡಬೇಕು? ಅದಕ್ಕೆ ಡಾ. ಸ್ಟೋನ್ ಒಂದು ಉಪಾಯ ಹೂಡಿದರು. ಅದೇ ಮಣಿಸರ. ತಿಂಗಳಿನ ಒಂದೊಂದು ದಿನಕ್ಕೆ ಒಂದೊಂದು ಮಣಿ. ಹಸಿರು ಮಣಿಯಾದರೆ ನಿರ್ಭಯ, ಕೆಂಪು ಮಣಿಯಾದರೆ ಎಚ್ಚರಿಕೆ. ಹೆಂಗಸು ದಿನಕ್ಕೊಂದು ಮಣಿ ಸರಿಸುತ್ತಾ ಹೋದರೆ ಸಾಕು, ಲೆಕ್ಕ ತಾನಾಗಿ ಆಗುತ್ತದೆ.

ಉಪಾಯ ಚೆನ್ನಾಗಿತ್ತು. ಆದರೆ ಮಣಿಸರ ಮನೆಗಳಿಗೆ ಹೋದ ಮೇಲೆ ಒಂದೊಂದಾಗಿ ಸಮಸ್ಯೆಗಳು ತಿರುಗಿ ಬಂದವು. ದೀಪವಿಲ್ಲದ ಮನೆಯಲ್ಲಿ ರಾತ್ರಿಯ ಹೊತ್ತು ಕೆಂಪು ಯಾವುದು, ಹಸಿರು ಯಾವುದು? ಮಣಿಯ ಬಣ್ಣದ ಜೊತೆಗೆ ಆಕಾರವನ್ನೂ ಬದಲಾಯಿಸಿ, ಒಂದು ಬಗೆ ದುಂಡಗೆ, ಇನ್ನೊಂದು ಬಗೆ ಚೌಕವಾಗಿ ಮಾಡಬೇಕಾಯಿತು. ಮಣಿಯನ್ನು ಮುಂದಕ್ಕೆ ಸರಿಸುವ ಬದಲು ಹಿಂದಕ್ಕೆ ಸರಿಸಿದರೆ ಲೆಕ್ಕವೆಲ್ಲ ತಲೆಕೆಳಗು. ಅದಕ್ಕೆ ಒಂದೇ ಕಡೆಗೆ ಸರಿಯುವಂತೆ ಕೊಂಡಿ ಇಡಬೇಕಾಯಿತು. ಕೊರಳಿಗೆ ಹಾಕಿಕೊಂಡರೆ ಗಂಡಹೆಂಡಿರ ಗುಟ್ಟು ಊರಿಗೆಲ್ಲ ಗೊತ್ತಾಗುತ್ತದೆಂಬ ನಾಚಿಕೆ. ಗೂಡಿನಲ್ಲಿಟ್ಟರೆ ಮರೆವು. ಇನ್ನು ಕೆಲವರು ಅದನ್ನು ತಾಯಿತದಂತೆ ತಿಳಿದರು: ಮಣಿ ಸರಿಸಿದರೆ ಸಾಕು, ಬಸಿರು ನಿಲ್ಲುವುದಿಲ್ಲ ಎಂದು.

ಈ ಕಥೆಯನ್ನು ಮುಂದೆ ಎಷ್ಟೋ ಪುಸ್ತಕಗಳು ನಗೆಯ ಪ್ರಸಂಗದಂತೆ ಹೇಳಿಕೊಂಡು ಬಂದಿವೆ. ನಮಗೆ ನಗು ಬರುವುದಿಲ್ಲ. ಬಣ್ಣ ಕಾಣದೆಂದು ಹೇಳಿದವಳು ದಡ್ಡಿಯಲ್ಲ. ಅವಳು ಮಣಿಸರವನ್ನು ನಿಜವಾಗಿ ಬಳಸಿ ನೋಡಿದವಳು. ತಾಯಿತವೆಂದು ನಂಬಿದವಳಿಗೆ ಮಣಿ ಏಕೆ ಕೆಂಪು, ಏಕೆ ಹಸಿರು ಎಂಬುದನ್ನು ಯಾರೂ ಮನದಟ್ಟು ಮಾಡಿಸಿರಲಿಲ್ಲ. ಎಣಿಕೆ ಹೇಳಿಕೊಟ್ಟರು, ಕಾರಣ ತಲುಪಲಿಲ್ಲ. ಬಿತ್ತನೆಗೆ ನೆಲ ‘ಹದ’ಕ್ಕೆ ಬರಬೇಕೆಂಬುದು ನಮ್ಮ ರೈತ ಹೆಂಗಸರೆಲ್ಲ ಬಲ್ಲ ಮಾತು. ಹದದ ದಿನ ಯಾವುದು, ಅದು ಏಕೆ ತಿಂಗಳ ನಡುವೆ ಬರುತ್ತದೆ ಎಂದು ಆ ಭಾಷೆಯಲ್ಲಿಯೇ ಹೇಳಲು ಬರುತ್ತದೆ. ಆದರೆ ಅದಕ್ಕೆ ಒಂದು ಭೇಟಿ ಸಾಲದು, ಹತ್ತು ಭೇಟಿ ಬೇಕು.

ಫಲಿತಾಂಶವೇನು? ಮನೆಮನೆಗೆ ಹೋಗಿ ವಿಚಾರಿಸಿದಾಗ ಎರಡೂ ಕಡೆ ಹೆಚ್ಚಿನವರು ಕಲಿಯಲು ಸಿದ್ಧರೆಂದರು. ಇದು ಆಗಿನ ದೊಡ್ಡವರಿಗೆ ಆಶ್ಚರ್ಯದ ಸಂಗತಿ. ಭಾರತದ ಹೆಂಗಸರು ಇಂತಹ ವಿಷಯ ಮಾತಾಡುವುದೇ ಇಲ್ಲವೆಂದು ಅವರು ತಿಳಿದಿದ್ದರು. ಅದೇ ಸುಮಾರಿಗೆ ಸಂಯುಕ್ತ ರಾಷ್ಟ್ರ ಸಂಘವೂ ಭಾರತ ಸರಕಾರವೂ ಸೇರಿ ಮೈಸೂರು ರಾಜ್ಯದಲ್ಲಿ ಒಂದು ದೊಡ್ಡ ಜನಸಂಖ್ಯಾ ಅಧ್ಯಯನ ನಡೆಸಿದವು. ಅದರ ವರದಿ 1961ರಲ್ಲಿ ಅಚ್ಚಾಯಿತು. ಬೆಂಗಳೂರಿನಲ್ಲಿಯೂ ಹಳ್ಳಿಗಳಲ್ಲಿಯೂ ಹೆಂಗಸರು ಇಂತಹ ಪ್ರಶ್ನೆಗಳಿಗೆ ಉತ್ತರ ಕೊಟ್ಟರೆಂಬುದು ಆ ಅಧ್ಯಯನದಿಂದಲೂ ತಿಳಿಯಿತು. ಆದರೆ ಲೋದಿ ಕಾಲೊನಿ ಮತ್ತು ರಾಮನಗರಗಳಲ್ಲಿ ಸಿದ್ಧರೆಂದವರ ಪೈಕಿ ಕೊನೆಯವರೆಗೆ ನಿಯಮದಂತೆ ನಡೆದವರು ಕೆಲವೇ ಮಂದಿ. ಕ್ಯಾಲೆಂಡರು ಓದಬಲ್ಲ ಲೋದಿ ಕಾಲೊನಿಯಲ್ಲಿಯೂ ಹಾಗೆಯೇ ಆಯಿತು. ಓದು ಬಾರದ್ದೊಂದೇ ಕಾರಣವಲ್ಲವೆಂಬುದಕ್ಕೆ ಇದೇ ಸಾಕ್ಷಿ. ದಿನ ಎಣಿಸುವವಳು ಹೆಂಡತಿ ಇರಬಹುದು, ಎಣಿಕೆಯನ್ನು ಮನ್ನಿಸಬೇಕಾದವನು ಗಂಡ. ಅವನು ಒಪ್ಪದ ರಾತ್ರಿ ಕೆಂಪು ಮಣಿಯಿಂದ ಏನು ಪ್ರಯೋಜನ?

ಪಾಠದಿಂದ ಗುರಿಗೆ

ದಿನ ಎಣಿಸುವ ವಿಧಾನ ದೇಶದ ಜನರೆಲ್ಲರಿಗೆ ಆಗಿಬರದೆಂದು ಸರಕಾರ ಅದನ್ನು ಹಿಂದಕ್ಕೆ ಸರಿಸಿತು. ಅದರಲ್ಲಿ ತಪ್ಪೇನೂ ಇಲ್ಲ, ವಿಧಾನದ ಕುಂದು ದೊಡ್ಡದಾಗಿತ್ತು. ಆದರೆ ವಿಧಾನದ ಜೊತೆಗೆ ಇನ್ನೊಂದು ವಸ್ತುವೂ ಕೈಬಿಟ್ಟಿತು. ಮನೆಗೆ ಹೋಗಿ ‘ಕಲಿಯುತ್ತೀಯಾ ತಾಯಿ?’ ಎಂದು ಕೇಳುವ, ಮತ್ತೆ ಹೋಗಿ ‘ಏನು ತೊಂದರೆಯಾಯಿತು?’ ಎಂದು ವಿಚಾರಿಸುವ ಪದ್ಧತಿ ಅದು. ಹೊರಗಿನ ಬೆಂಬಲವೂ ಕುಗ್ಗಿತು. 1952ರ ವಿಶ್ವ ಆರೋಗ್ಯ ಸಮ್ಮೇಳನದಲ್ಲಿ ಕ್ಯಾಥೊಲಿಕ್ ಪ್ರಭಾವದ ಕೆಲವು ದೇಶಗಳು ಬಲವಾಗಿ ವಿರೋಧಿಸಿದ್ದರಿಂದ ಆ ಸಂಸ್ಥೆ ಹತ್ತು ವರ್ಷಕ್ಕೂ ಮೇಲ್ಪಟ್ಟು ಈ ವಿಷಯದಿಂದ ದೂರ ನಿಂತಿತು.

1965ರಲ್ಲಿ ವಂಕಿ ಬಂತು. ಲಕ್ಷಗಟ್ಟಲೆ ಹೆಂಗಸರಿಗೆ ಅದನ್ನು ತೊಡಿಸಿದರು. ರಕ್ತಸ್ರಾವ ಹೆಚ್ಚಾಗಬಹುದೆಂದು ಮೊದಲೇ ತಿಳಿಸಿ ಧೈರ್ಯ ಹೇಳುವ ಏರ್ಪಾಡು, ಆಮೇಲೆ ನೋಡಿಕೊಳ್ಳುವ ಏರ್ಪಾಡು ಸಾಲದೆ ಹೋಯಿತು. ಒಬ್ಬಳಿಗಾದ ತೊಂದರೆ ಹತ್ತು ಮನೆಗೆ ಹರಡಿ ವಂಕಿಯ ಹೆಸರೇ ಕೆಟ್ಟಿತು. 1968ರಲ್ಲಿ ನಿರೋಧ್ ಬಂತು, ಮೂರಕ್ಕೆ 15 ಪೈಸೆ. ಕಿರಾಣಿ ಅಂಗಡಿಯಲ್ಲಿಯೂ ಸಿಗುವಂತೆ ಮಾಡಿದರು. ಗೋಡೆಗೋಡೆಗಳ ಮೇಲೆ ಕೆಂಪು ತ್ರಿಕೋನ ಮೂಡಿತು. ಈ ನಡುವೆ ಇಷ್ಟು ಆಪರೇಷನ್, ಇಷ್ಟು ವಂಕಿ ಎಂದು ಜಿಲ್ಲೆ ಜಿಲ್ಲೆಗೆ ವರ್ಷದ ಗುರಿ ನಿಗದಿಯಾಗತೊಡಗಿತು.

ಗುರಿ ಎಂದರೇನೆಂದು ನಮ್ಮಂಥ ಗುಮಾಸ್ತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೋಷ್ಟಕದಲ್ಲಿ ಒಂದು ಕಾಲಂ ಇದ್ದರೆ ಅದು ತುಂಬಲೇಬೇಕು. ಕಾಲಂ ಇಲ್ಲದ ಸಂಗತಿ ಎಷ್ಟೇ ದೊಡ್ಡದಾಗಿರಲಿ, ಕಡತಕ್ಕೆ ಅದು ಇಲ್ಲ. ಆಪರೇಷನ್ನಿಗೆ ಕಾಲಂ ಇತ್ತು. ಹೆಂಗಸಿಗೆ ವಿಷಯ ತಿಳಿಯಿತೇ ಎಂಬುದಕ್ಕೆ ಕಾಲಂ ಇರಲಿಲ್ಲ.

ಇದರ ತುದಿ ಕಂಡದ್ದು ತುರ್ತು ಪರಿಸ್ಥಿತಿಯ ಕಾಲದಲ್ಲಿ. 1976–77ನೆಯ ಒಂದೇ ವರ್ಷದಲ್ಲಿ ದೇಶದಲ್ಲಿ 82 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು, ಅವುಗಳಲ್ಲಿ ಮುಕ್ಕಾಲು ಭಾಗ ಗಂಡಸರದು. ಸರಕಾರಿ ನೌಕರರ ಸೌಲಭ್ಯಗಳನ್ನು ಆಪರೇಷನ್ನಿನ ಪ್ರಮಾಣಪತ್ರಕ್ಕೆ ಗಂಟುಹಾಕಿದ್ದು, ಕೆಳಗಿನ ನೌಕರರ ಮೇಲೆ ಜನರನ್ನು ಕರೆತರುವ ಹೊರೆ ಹೇರಿದ್ದು, ಇವೆಲ್ಲ ಆಮೇಲೆ ಶಾ ಆಯೋಗದ ವರದಿಯಲ್ಲಿ ದಾಖಲಾದವು. ದಿಲ್ಲಿಯ ನೌಕರರಿಗಂತೂ ಅದರ ಬಿಸಿ ಚೆನ್ನಾಗಿ ತಟ್ಟಿತು. 1952ರಲ್ಲಿ ಇದೇ ದಿಲ್ಲಿಯ ಗುಮಾಸ್ತನ ಮನೆ ಬಾಗಿಲು ತಟ್ಟಿ ಕಲಿಯುತ್ತೀರಾ ಎಂದು ಕೇಳಿದ್ದರು. 24 ವರ್ಷದ ಮೇಲೆ ಗುಮಾಸ್ತನನ್ನು ಕೇಳಿದ್ದು ‘ಪ್ರಮಾಣಪತ್ರ ಎಲ್ಲಿ?’ ಎಂದು.

1977ರಲ್ಲಿ ಸರಕಾರ ಬದಲಾಗಿ ‘ಕುಟುಂಬ ಯೋಜನೆ’ ಹೋಗಿ ‘ಕುಟುಂಬ ಕಲ್ಯಾಣ’ ಬಂತು. ಹೆಸರಿನೊಂದಿಗೆ ಹೊರೆಯೂ ಬದಲಾಯಿತು: ಗಂಡಸರಿಂದ ಇಳಿದು ಹೆಂಗಸರ ಮೇಲೆ ಬಂತು. ಗಂಡಸರ ಆಪರೇಷನ್ ಹೆಂಗಸರದ್ದಕ್ಕಿಂತ ಸರಳ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿ: ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 38 ಮಂದಿ ಆಪರೇಷನ್ ಮಾಡಿಸಿಕೊಂಡವರು, ಗಂಡಂದಿರ ಲೆಕ್ಕ ನೂರಕ್ಕೆ ಅರ್ಧವೂ ಇಲ್ಲ. ಕರ್ನಾಟಕದಲ್ಲಿ ಹೆಂಗಸರ ಲೆಕ್ಕ ನೂರಕ್ಕೆ 57. 1996ರಲ್ಲಿ ಕೇಂದ್ರ ಸರಕಾರ ಗುರಿಗಳನ್ನು ಕಾಗದದ ಮೇಲೆ ತೆಗೆದುಹಾಕಿತು. ಆದರೂ 2014ರ ನವೆಂಬರಿನಲ್ಲಿ ಛತ್ತೀಸ್‌ಗಢದ ಬಿಲಾಸಪುರ ಜಿಲ್ಲೆಯ ಶಿಬಿರವೊಂದರಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ನಡೆದು, ಹತ್ತಕ್ಕೂ ಹೆಚ್ಚು ತಾಯಂದಿರು ಸತ್ತರು. ಇಂತಹ ಶಿಬಿರಗಳನ್ನು ನಿಲ್ಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಆದೇಶಿಸಿತು.

ಗಳಿಸಿದ್ದು, ಉಳಿದದ್ದು

ಆದದ್ದೆಲ್ಲ ಕೆಟ್ಟದ್ದೆಂದು ಹೇಳಿದರೆ ಅನ್ಯಾಯವಾದೀತು. 1997–98ರಲ್ಲಿ ದೇಶದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 398 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 97ಕ್ಕೆ ಇಳಿಯಿತು. 2005–06ರಲ್ಲಿ ನೂರಕ್ಕೆ 39 ಹೆರಿಗೆಗಳು ಮಾತ್ರ ಆಸ್ಪತ್ರೆಯಲ್ಲಾಗುತ್ತಿದ್ದವು. 2019–21ರಲ್ಲಿ 89 ಆದವು. ಈ ಬದಲಾವಣೆಯಲ್ಲಿ ಹಣದ ಪಾಲಿದೆ, ಆಂಬುಲೆನ್ಸಿನ ಪಾಲಿದೆ. ಆದರೆ 2005ರಿಂದ ಊರೂರಿಗೆ ಬಂದ ಆಶಾ ಕಾರ್ಯಕರ್ತೆಯ ಪಾಲನ್ನು ಮರೆಯುವಂತಿಲ್ಲ. ಅವಳು ಅದೇ ಊರಿನ ಸೊಸೆ, ಅದೇ ಭಾಷೆ ಆಡುವವಳು. ಒಮ್ಮೆ ಬಂದು ಹೋಗುವವಳಲ್ಲ, ಮತ್ತೆ ಮತ್ತೆ ಬರುವವಳು. 1952ರ ಪ್ರಯೋಗಕ್ಕೆ ಬೇಕಾಗಿದ್ದದ್ದು ಅವಳೇ.

ಆದರೂ ನಾವು ಕನ್ನಡಿಗರು ಬೀಗುವಂತಿಲ್ಲ. 2018–20ರ ಲೆಕ್ಕದಲ್ಲಿ ಕರ್ನಾಟಕದ ತಾಯಂದಿರ ಸಾವಿನ ಪ್ರಮಾಣ 69, ಕೇರಳದ್ದು 19. ತೆಂಕಣ ರಾಜ್ಯಗಳಲ್ಲಿ ನಮ್ಮದೇ ಹೆಚ್ಚು. ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ರಕ್ತಹೀನತೆ ಇದೆ. ಹೆರಿಗೆಯಲ್ಲಿ ರಕ್ತಸ್ರಾವವಾದಾಗ ಮೊದಲು ಸೋಲುವವಳು ರಕ್ತ ಕಡಮೆಯಿರುವವಳೇ. ಬಸಿರಿಗೆ ಕಾಲು ಮುಖ ಊದಿಕೊಂಡರೆ, ಕಣ್ಣು ಮಂಜಾದರೆ, ಬಿಡದ ತಲೆನೋವು ಬಂದರೆ ಅದು ರಕ್ತದೊತ್ತಡದ ಎಚ್ಚರಿಕೆ ಇರಬಹುದು. ‘ಬಸಿರಿಯರಿಗೆ ಇದೆಲ್ಲ ಇದ್ದದ್ದೇ’ ಎಂದು ಮನೆಯ ಹಿರಿಯರು ಒಂದು ರಾತ್ರಿ ತಳ್ಳಿಹಾಕಿದರೆ ಆ ಒಂದು ರಾತ್ರಿಯಲ್ಲೇ ಜೀವ ಹೋಗಬಹುದು. ಆಸ್ಪತ್ರೆ ಎಷ್ಟೇ ಹತ್ತಿರವಿರಲಿ, ಹೊರಡುವ ತೀರ್ಮಾನ ಆಗಬೇಕಾದದ್ದು ಮನೆಯಲ್ಲಿ. ತಿಳಿವಳಿಕೆಯ ಕೆಲಸ ಮುಗಿದಿಲ್ಲವೆನ್ನುವುದು ಇದಕ್ಕೇ.

ಕೊನೆಗೆ ಮಣಿಸರದ ಮಾತು. ಅದು ಸತ್ತುಹೋಯಿತೆಂದೇ ಎಲ್ಲರೂ ತಿಳಿದಿದ್ದರು. ಅರ್ಧ ಶತಮಾನದ ಮೇಲೆ, ಈ ಶತಮಾನದ ಮೊದಲ ವರ್ಷಗಳಲ್ಲಿ, ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ತಜ್ಞರು ಅದನ್ನು ಹೊಸದಾಗಿ ರೂಪಿಸಿದರು. 32 ಮಣಿ. ತಿಂಗಳು 26ರಿಂದ 32 ದಿನದೊಳಗೆ ಕ್ರಮವಾಗಿ ಬರುವವರಿಗೆ ಮಾತ್ರ. 8ರಿಂದ 19ನೆಯ ದಿನದವರೆಗೆ ಬಿಳಿ ಮಣಿ, ಅದೇ ಎಚ್ಚರಿಕೆಯ ಕಾಲ. ಮಣಿ ಸರಿಸಬೇಕಾಗಿಲ್ಲ, ರಬ್ಬರಿನ ಒಂದು ಉಂಗುರವನ್ನು ಒಂದೇ ದಿಕ್ಕಿಗೆ ಸರಿಸಿದರಾಯಿತು. ಆ ಬಿಳಿ ಮಣಿಗಳು ಕತ್ತಲೆಯಲ್ಲಿ ಹೊಳೆಯುತ್ತವೆ! ದೀಪವಿಲ್ಲದ ಮನೆಯಲ್ಲಿ ಬಣ್ಣ ಕಾಣದೆಂಬ ಹಳೆಯ ದೂರಿಗೆ ಐವತ್ತು ವರ್ಷದ ಮೇಲೆ ಉತ್ತರ ಸಿಕ್ಕಿತು. ನಿಯಮ ಬಿಡದೆ ನಡೆದ ನೂರು ಹೆಂಗಸರಲ್ಲಿ ವರ್ಷಕ್ಕೆ ಗರ್ಭ ನಿಂತದ್ದು ಸುಮಾರು ಐವರಿಗೆ, ಅಲ್ಲಲ್ಲಿ ತಪ್ಪಿದವರನ್ನೂ ಸೇರಿಸಿದರೆ ಹನ್ನೆರಡು ಮಂದಿಗೆ. ಇದು ಎಲ್ಲರಿಗೂ ಒಗ್ಗುವ ವಿಧಾನವೆಂದು ನಾವು ಹೇಳುವುದಿಲ್ಲ. ಯಾವುದು ಒಗ್ಗುತ್ತದೆಂದು ಪ್ರತಿಯೊಬ್ಬಳೂ ವೈದ್ಯರನ್ನು ಕೇಳಿ ತಿಳಿಯಬೇಕು. ನಮ್ಮ ಮಾತು ಇಷ್ಟೇ: ಬಳಸುವವಳ ದೂರನ್ನು ಕಿವಿಗೆ ಹಾಕಿಕೊಂಡಾಗ ಸೋತ ಉಪಾಯವೂ ಸುಧಾರಿಸುತ್ತದೆ.

ನಮ್ಮ ಸಂಘಗಳ ಮಹಿಳಾ ವಿಭಾಗಗಳು ವರ್ಷಕ್ಕೊಮ್ಮೆ ವೈದ್ಯರನ್ನು ಕರೆಸಿ ಆರೋಗ್ಯದ ಉಪನ್ಯಾಸ ಏರ್ಪಡಿಸುವುದುಂಟು. ಸಂತೋಷದ ವಿಷಯ. ಆದರೆ ಆ ಹೊತ್ತಿಗೆ ನಾವು ಗಂಡಸರು ಹೊರಗೆ ನಿಂತು ಕಾಫಿ ಕುಡಿಯುತ್ತಿರುತ್ತೇವೆ. ಮುಂದಿನ ಸಲ ಒಳಗೆ ಬಂದು ಹಿಂದಿನ ಸಾಲಿನಲ್ಲಾದರೂ ಕೂರೋಣ. ಮಾತು ಮುಗಿದ ಮೇಲೆ ಹೆಂಗಸರು ಕೇಳುವ ಪ್ರಶ್ನೆಗಳನ್ನು ಕೇಳಿಸಿಕೊಳ್ಳೋಣ. ಮದುವೆಯ ವಯಸ್ಸಿಗೆ ಬಂದ ಗಂಡುಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗೋಣ. ಲೋದಿ ಕಾಲೊನಿಯ ಮತ್ತು ರಾಮನಗರದ ಆ ತಾಯಂದಿರು 1952ರಲ್ಲಿಯೇ ಕಲಿಯಲು ಸಿದ್ಧರೆಂದಿದ್ದರು. ನಾವು ಅಷ್ಟಾದರೂ ಸಿದ್ಧರಾಗಬೇಡವೇ?